ಕಾಲಂನಲ್ಲಿ ಏನಂತ ಬರೀಲಿ?

ನಿರಾಶ್ರಿತರ ಬಗ್ಗೆ, ಸರ್ಕಾರಗಳ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧ ಜೆರಾಕ್ಸ್ ಮೆಷಿನ್ ಪಕ್ಕ ನಿಂತು ಗೊತ್ತಾಗಿದ್ದು. ಇನ್ನರ್ಧ ಮಳೆಗಾಲದಲ್ಲಿ ಗಿರಾಕಿ ಇಲ್ಲದಾಗ ಕೂತು ಓದಿದ್ದು.

ಕುಶಾಲನಗರದಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಜೆರಾಕ್ಸ್, ಲ್ಯಾಮಿನೇಷನ್, ಪಾಸ್‌ಪೋರ್ಟ್ ಸೈಜ್ ಫೋಟೋ, ಆನ್‌ಲೈನ್ ಅರ್ಜಿ. ಪಹಣಿಗೆ ಬರುವವರು, ರೇಷನ್ ಕಾರ್ಡ್ ತಿದ್ದುಪಡಿಗೆ ಬರುವವರು, ಕೋವಿಯ ವಿನಾಯಿತಿ ಪತ್ರದ ಕಾಗದ ಜೋಡಿಸಿಕೊಳ್ಳಲು ಬರುವವರು. ಒಂದು ಪದಕ್ಕೆ ಎಷ್ಟು ಬೆಲೆ ಅಂತ ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದಾಖಲೆಯಲ್ಲಿ ‘ಕೊಡವ’ ಅಂತಲೋ, ‘ಜಮ್ಮಾ’ (ವಂಶಪಾರಂಪರ್ಯವಾಗಿ ಬಂದ ಹಿಡುವಳಿ) ಅಂತಲೋ ಇದ್ದರೆ ಕೋವಿಗೆ ಲೈಸೆನ್ಸ್ ಬೇಡ. ಇಲ್ಲದಿದ್ದರೆ ಬೇಕು. ಕೋವಿ ಅದೇ, ಮನುಷ್ಯನೂ ಅವನೇ.

ಇವರ ಜೊತೆ ಸೇತುವೆ ಆಚೆಯಿಂದ ಟಿಬೆಟಿನವರೂ ಬರುತ್ತಾರೆ. ಕಾವೇರಿ ಈಚೆ ಕೊಡಗು, ಆಚೆ ಮೈಸೂರು ಜಿಲ್ಲೆ. ಸೇತುವೆ ದಾಟಿದರೆ ಕೊಪ್ಪ, ಅಲ್ಲಿ ಬಲಕ್ಕೆ ತಿರುಗಿದರೆ ಬೈಲಕುಪ್ಪೆಯ ಕ್ಯಾಂಪುಗಳು. ಟೂರಿಸ್ಟ್‌ಗಳಿಗೆ ಅದು ಗೋಲ್ಡನ್ ಟೆಂಪಲ್. ನಮಗೆ ಒಂದನೇ ಕ್ಯಾಂಪ್, ನಾಲ್ಕನೇ ಕ್ಯಾಂಪ್. ಅರವತ್ತು ವರ್ಷದ ಮೇಲಾಯಿತು. ಮನೆ ಕಟ್ಟಿದ್ದಾರೆ, ಆಸ್ಪತ್ರೆ ಕಟ್ಟಿದ್ದಾರೆ, ಸಾವಿರಾರು ಭಿಕ್ಷುಗಳು ಓದುವ ಮಠ ಕಟ್ಟಿದ್ದಾರೆ. ನಾವಿನ್ನೂ ಕ್ಯಾಂಪ್ ಅಂತಲೇ ಅನ್ನುತ್ತೇವೆ.

ಅಮಾಲಾ ಅಂತ ನಾನು ಕರೆಯುವ ಒಬ್ಬರಿದ್ದಾರೆ. ತುಂಬಾ ದಿನ ಅದು ಅವರ ಹೆಸರು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು ‘ಅಮ್ಮ’ ಅಂತ ಅಷ್ಟೇ. ಚಳಿಗಾಲದಲ್ಲಿ ಬೆಂಗಳೂರಲ್ಲಿ ಸ್ವೆಟರ್ ಮಾರಿ, ಉಳಿದ ದಿನ ಮುಸುಕಿನ ಜೋಳ ಬೆಳೆದು ನಾಲ್ಕು ಮಕ್ಕಳನ್ನು ಓದಿಸಿದವರು. ಜೆರಾಕ್ಸ್ ಮಾಡಿಸುವಾಗ ಮೆಷಿನ್ ಮೇಲೇ ಬಗ್ಗಿ ನಿಲ್ಲುತ್ತಾರೆ. “ತಮ್ಮಾ, ಫೋಟೋ ಕಪ್ಪು ಬರಬಾರ್ದು. ಕಪ್ಪು ಬಂದ್ರೆ ವಾಪಸ್ ಕಳಿಸ್ತಾರೆ.”

ಅವರ ಕಾಗದದಲ್ಲಿ ಹುಟ್ಟಿದ ದಿನ ಜನವರಿ 1. ಯಾರಿಗೂ ತಾರೀಕು ಗೊತ್ತಿರಲಿಲ್ಲ, ಯಾರೋ ಗುಮಾಸ್ತ ಬರೆದುಕೊಂಡ. ನನಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ನಮ್ಮಪ್ಪನ ಆಧಾರ್‌ನಲ್ಲೂ ಜನವರಿ 1 ಅಂತಲೇ ಇದೆ. ವ್ಯತ್ಯಾಸ ಇರುವುದು ಮುಂದಿನ ಕಾಲಂನಲ್ಲಿ. ಅಪ್ಪನ ಕೈಯಲ್ಲಿರುವುದು ಆಧಾರ್, ರೇಷನ್ ಕಾರ್ಡ್, ಓಟರ್ ಕಾರ್ಡ್. ಅಮಾಲಾ ಕೈಯಲ್ಲಿ ಆರ್‌ಸಿ. ರಿಜಿಸ್ಟ್ರೇಷನ್ ಸರ್ಟಿಫಿಕೇಟ್. ಅಂದರೆ ವಿದೇಶಿಯರು ಇಲ್ಲಿರಲು ಕೊಡುವ ಕಾಗದ. ಅವಧಿ ಮುಗಿಯುವುದರೊಳಗೆ ನವೀಕರಿಸಬೇಕು. ಹೊರದೇಶಕ್ಕೆ ಹೋಗಬೇಕಾದರೆ ಹಳದಿ ರಟ್ಟಿನ ಐಸಿ (ಐಡೆಂಟಿಟಿ ಸರ್ಟಿಫಿಕೇಟ್) ಪುಸ್ತಕ ಬೇರೆ. 1961ರಲ್ಲಿ ಏಳು ವರ್ಷದ ಹುಡುಗಿಯಾಗಿ ಬಂದವರು, ನನಗಿಂತ ಮೊದಲೇ ಕಾವೇರಿ ನೀರು ಕುಡಿದವರು. ನಮ್ಮ ಸಂತೆಯಲ್ಲಿ ನನಗಿಂತ ಚೆನ್ನಾಗಿ ಚೌಕಾಸಿ ಮಾಡುತ್ತಾರೆ. ಕಾಗದದ ಪ್ರಕಾರ ವಿದೇಶಿ.

‘ನಿರಾಶ್ರಿತ’ ಅಂತ ಯಾಕೆ ಬರೆಯುವುದಿಲ್ಲ? ನಮ್ಮ ಕಾನೂನಿನಲ್ಲಿ ಆ ಕಾಲಂ ಇಲ್ಲ. ನಿರಾಶ್ರಿತರ ಬಗ್ಗೆ 1951ರಲ್ಲಿ ಒಂದು ಅಂತಾರಾಷ್ಟ್ರೀಯ ಒಪ್ಪಂದ ಆಯಿತು, 1967ರಲ್ಲಿ ಅದಕ್ಕೊಂದು ಸೇರ್ಪಡೆ ಬಂತು. ಎರಡಕ್ಕೂ ಭಾರತ ಸಹಿ ಹಾಕಿಲ್ಲ. ಇದ್ದಿದ್ದು 1946ರ ವಿದೇಶಿಯರ ಕಾಯ್ದೆ, ಬ್ರಿಟಿಷರ ಕಾಲದ್ದು. 2025ರಲ್ಲಿ ಅದರ ಜಾಗಕ್ಕೆ ಹೊಸದು ಬಂತು. ನಿರಾಶ್ರಿತರಿಗೆ ಅಂತಲೇ ಒಂದು ಕಾನೂನು ಮಾತ್ರ ಇನ್ನೂ ಬಂದಿಲ್ಲ. ಹಾಗಂತ ನಮ್ಮ ಸರ್ಕಾರ ಬಾಗಿಲು ಹಾಕಿಕೊಂಡು ಕೂತಿತ್ತಾ? ಅದೂ ಇಲ್ಲ. 1959ರ ಮಾರ್ಚ್‌ನಲ್ಲಿ ಲಾಸಾದಲ್ಲಿ ದಂಗೆ ಎದ್ದು, ದಲೈ ಲಾಮಾ ಗಡಿ ದಾಟಿ ಬಂದಾಗ ನೆಹರೂ ಸರ್ಕಾರ ಒಳಗೆ ಬಿಟ್ಟುಕೊಂಡಿತು. ಹಿಂದೆಯೇ ಸಾವಿರಾರು ಜನ ಬಂದರು. ಮೊದಲು ಅಸ್ಸಾಂನ ಮಿಸಾಮಾರಿ, ಬಂಗಾಳದ ಬಕ್ಸಾದಲ್ಲಿ ಶಿಬಿರ. ತುಂಬಾ ಜನ ಹಿಮಾಲಯದ ರಸ್ತೆ ಕೆಲಸಕ್ಕೆ ಹೋದರು. ಅಮಾಲಾ ಅಪ್ಪ ಕೂಡ ಅಲ್ಲಿ ಕಲ್ಲು ಒಡೆದವರೇ. ಆಮೇಲೆ ಮೈಸೂರು ರಾಜ್ಯ ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕಾಡು ಕೊಟ್ಟಿತು, ಗುತ್ತಿಗೆಗೆ.

ಕಾಡು ಅಂದರೆ ನಿಜವಾದ ಕಾಡು. “ಮರ ಕಡಿದು ಸುಟ್ಟು, ರಾತ್ರಿ ಡಬ್ಬ ಬಡೀತಾ ಕೂತ್ಕೋತಿದ್ರು. ಆನೆ ಬರೋದು. ನಾವ್ ಆನೆನ ಚಿತ್ರದಲ್ಲಿ ಮಾತ್ರ ನೋಡಿದ್ವಿ” ಅಂತಾರೆ ಅಮಾಲಾ. ಮಂಜಿನ ನಾಡಿಂದ ಬಂದವರು ನಮ್ಮ ಏಪ್ರಿಲ್ ಬಿಸಿಲಿಗೆ ಸಿಕ್ಕಿ ಹಾಕಿಕೊಂಡರು. ಈಗ ಮೈರಾಡ ಅಂತ ಊರೂರಲ್ಲಿ ಸ್ವಸಹಾಯ ಸಂಘ ಮಾಡಿಸುವ ಸಂಸ್ಥೆ ಇದೆಯಲ್ಲ, ಅದು 1968ರಲ್ಲಿ ಶುರುವಾಗಿದ್ದೇ ಟಿಬೆಟಿನವರ ಪುನರ್ವಸತಿಗೆ. ನಮ್ಮ ಹೆಂಗಸರ ಸಂಘಗಳ ಬೇರು ಅವರ ಜೋಳದ ಹೊಲದಲ್ಲಿದೆ ಅಂದರೆ ನನ್ನ ಹೆಂಡತಿ ಇವತ್ತಿಗೂ ನಂಬುವುದಿಲ್ಲ.

ಹೆಂಡತಿಯ ತವರು ಸುಳ್ಯದ ಕಡೆ. ಅಲ್ಲಿ ಇನ್ನೊಂದು ಪದ ಇದೆ: ‘ಸಿಲೋನಿನವರು’. ಸರ್ಕಾರದ ರಬ್ಬರ್ ತೋಟದಲ್ಲಿ ಬೆಳಗ್ಗೆ ಬೆಳಗ್ಗೆ ಟ್ಯಾಪಿಂಗ್ ಮಾಡುವವರು. ಮನೆಯಲ್ಲಿ ತಮಿಳು, ಹೊರಗೆ ಕನ್ನಡ, ತುಳು ಎರಡೂ. ಅವರ ಅಜ್ಜ ಮುತ್ತಜ್ಜಂದಿರನ್ನು ಬ್ರಿಟಿಷರು ಟೀ ತೋಟಕ್ಕೆ ಅಂತ ತಮಿಳುನಾಡಿನಿಂದ ಸಿಲೋನಿಗೆ, ಅಂದರೆ ಈಗಿನ ಶ್ರೀಲಂಕಾಕ್ಕೆ, ಕರೆದುಕೊಂಡು ಹೋಗಿದ್ದರು. ಆ ದೇಶ ಸ್ವತಂತ್ರ ಆದ ವರ್ಷವೇ, 1948ರಲ್ಲೇ, ಅಲ್ಲಿನ ಸರ್ಕಾರ ಪೌರತ್ವ ಕಾಯ್ದೆ ಮಾಡಿ ಇವರನ್ನು ಹೊರಗಿಟ್ಟಿತು. ಏಳು ಲಕ್ಷಕ್ಕೂ ಹೆಚ್ಚು ಜನ. ಎಲ್ಲಿಯವರೂ ಅಲ್ಲ.

1964ರ ಅಕ್ಟೋಬರ್‌ನಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ ಮತ್ತು ಅಲ್ಲಿನ ಪ್ರಧಾನಿ ಸಿರಿಮಾವೊ ಕೂತು ಒಪ್ಪಂದ ಮಾಡಿಕೊಂಡರು. ಒಟ್ಟು 9,75,000 ಜನ. ಅದರಲ್ಲಿ 5,25,000 ಭಾರತಕ್ಕೆ, 3,00,000 ಸಿಲೋನಿಗೆ. ಉಳಿದ 1,50,000 ಜನರ ವಿಷಯ ಆಮೇಲೆ ನೋಡೋಣ ಅಂತ ಬಿಟ್ಟರು. ಹತ್ತು ವರ್ಷ ಬಿಟ್ಟು 1974ರಲ್ಲಿ ಇಂದಿರಾ ಗಾಂಧಿ ಅದನ್ನೂ ಸರಿಯಾಗಿ ಅರ್ಧ ಮಾಡಿ ಮುಗಿಸಿದರು, ಇತ್ತ 75,000, ಅತ್ತ 75,000. ಮಾವನ ಮನೆಯಲ್ಲಿ ಅಡಿಕೆ ಕುಯ್ದ ಮೇಲೆ ಪಾಲು ಮಾಡುವುದು ನೋಡಿದ್ದೇನೆ. ಅದರಲ್ಲೂ ಇಷ್ಟು ಸಲೀಸಾಗಿ ಆಗುವುದಿಲ್ಲ, ಒಂದು ಮಾತಾದರೂ ಬರುತ್ತದೆ.

ಹೀಗೆ ಬಂದವರನ್ನು ಸರ್ಕಾರ ನಿರಾಶ್ರಿತರು ಅನ್ನಲಿಲ್ಲ. ‘ವಾಪಸಾದವರು’ ಅಂದಿತು. ಹುಟ್ಟಿದ್ದೇ ಅಲ್ಲಿ, ವಾಪಸ್ ಬಂದಿದ್ದು ಎಲ್ಲಿಗೆ? ಆದರೆ ಆ ಪದದಿಂದ ಒಂದು ಲಾಭ ಆಯಿತು. ಬಂದವರು ನಾಗರಿಕರು. ಓಟು ಇತ್ತು, ತೋಟದಲ್ಲಿ ಕೆಲಸ ಇತ್ತು. ಅದೇ 1983ರ ಜುಲೈ ಗಲಭೆ ಆದ ಮೇಲೆ ದೋಣಿ ಹತ್ತಿ ರಾಮೇಶ್ವರಕ್ಕೆ ಬಂದ ತಮಿಳರು ಇನ್ನೂ ತಮಿಳುನಾಡಿನ ಶಿಬಿರಗಳಲ್ಲಿದ್ದಾರೆ. ಅವರ ಮಕ್ಕಳು, ಮೊಮ್ಮಕ್ಕಳೂ ಅಲ್ಲೇ. 2019ರ ಪೌರತ್ವ ತಿದ್ದುಪಡಿಯಲ್ಲಿ ಮೂರು ದೇಶದ ಹೆಸರಿತ್ತು, ಶ್ರೀಲಂಕಾ ಇರಲಿಲ್ಲ. ಒಂದೇ ಭಾಷೆ, ಒಂದೇ ಸಮುದ್ರ. ಬಂದ ವರ್ಷ ಬೇರೆ, ಸಿಕ್ಕಿದ ಪದ ಬೇರೆ.

ಅಪ್ಪನ ಟ್ರಂಕ್‌ನಲ್ಲಿ ಒಂದು ಲಕೋಟೆ ಇದೆ. 1972ರಲ್ಲಿ ಮೈಸೂರಿನಿಂದ ಚಿಕ್ಕಪ್ಪ ಬರೆದಿದ್ದು. ಒಳಗೆ ವಿಷಯ ಏನಿಲ್ಲ, ಒಂದು ಜೊತೆ ಎತ್ತಿನ ರೇಟು. ಮೇಲೆ ಮಾಮೂಲಿ ಸ್ಟಾಂಪಿನ ಪಕ್ಕ ಇನ್ನೊಂದು ಪುಟ್ಟ ಸ್ಟಾಂಪು, ಐದು ಪೈಸೆಯದ್ದು. ಕುಟುಂಬ ಯೋಜನೆಯ ಸ್ಟಾಂಪು. ಅದರ ಮೇಲೇ ‘ರೆಫ್ಯೂಜಿ ರಿಲೀಫ್’ ಅಂತ ಅಚ್ಚು ಒತ್ತಿದ್ದಾರೆ. ಹೊಸದು ಛಾಪಿಸುವಷ್ಟು ಪುರುಸೊತ್ತು ಇರಲಿಲ್ಲ ಅಂತ ಕಾಣುತ್ತೆ. 1971ರ ಮಾರ್ಚ್‌ನಿಂದ ಪೂರ್ವ ಪಾಕಿಸ್ತಾನದಲ್ಲಿ ಕೊಲೆ ಶುರುವಾಗಿ ಸುಮಾರು ಒಂದು ಕೋಟಿ ಜನ ಈ ಕಡೆ ಬಂದರು. ಆ ಖರ್ಚಿಗೆ ನವೆಂಬರ್‌ನಿಂದ ಸರ್ಕಾರ ಅಂಚೆಗೆ ಐದು ಪೈಸೆ ತೆರಿಗೆ ಹಾಕಿತು. ನಮ್ಮೂರು ಮಕ್ಕಂದೂರಿನಲ್ಲಿ ಎತ್ತಿನ ರೇಟು ತಿಳಿದುಕೊಳ್ಳಬೇಕಾದರೂ ಐದು ಪೈಸೆ ಬಂಗಾಳಕ್ಕೆ. ನನಗೆ ಈ ಸ್ಟಾಂಪ್ ಬಹಳ ಇಷ್ಟ. ಅಂಟು ಇನ್ನೂ ಬಿಟ್ಟಿಲ್ಲ. ಬಂದವರು ವಾಪಸ್ ಹೋಗಲೇಬೇಕು ಅಂತ ಇಂದಿರಾ ಗಾಂಧಿ ಮೊದಲಿಂದಲೂ ಹೇಳಿಕೊಂಡೇ ಬಂದಿದ್ದರು. ಯುದ್ಧ ಮುಗಿದು ಬಾಂಗ್ಲಾದೇಶ ಆದ ಮೇಲೆ ಹೆಚ್ಚಿನವರು ಹೋದರು ಕೂಡ. ಅನ್ನ ಹಾಕಿದ್ದೂ ನಿಜ, ದಿನ ಎಣಿಸಿದ್ದೂ ನಿಜ.

ಈಗ ಮಡಿಕೇರಿಗೆ ಹೋಗೋಣ. ಹೋದ ವರ್ಷ ಮಗಳನ್ನು ಕರೆದುಕೊಂಡು ಸನ್ನಿ ಸೈಡ್‌ಗೆ ಹೋಗಿದ್ದೆ. ಜನರಲ್ ತಿಮ್ಮಯ್ಯ ಅವರ ಮನೆ, 2021ರಿಂದ ಮ್ಯೂಸಿಯಂ. ಸರ್ಕಲ್‌ನಲ್ಲಿ ಅವರ ಪ್ರತಿಮೆ ನೋಡಿಕೊಂಡೇ ನಾವೆಲ್ಲ ದೊಡ್ಡವರಾಗಿದ್ದು. ಕಾಶ್ಮೀರದ ಜೋಜಿಲಾ ಬೆಟ್ಟದ ದಾರಿಗೆ ಟ್ಯಾಂಕ್ ಹತ್ತಿಸಿದ ಕಥೆ ಕೊಡಗಿನಲ್ಲಿ ಮಕ್ಕಳಿಗೂ ಗೊತ್ತು. ಆದರೆ ಅವರ ಜೀವನದಲ್ಲಿ ಇನ್ನೊಂದು ಸಾಲು ಇದೆ, ಅದನ್ನು ನಾವು ಜಾಸ್ತಿ ಹೇಳುವುದಿಲ್ಲ. 1947ರಲ್ಲಿ ಪಂಜಾಬ್ ಹೊತ್ತಿ ಉರಿಯುವಾಗ ಅಲ್ಲಿ ನಿರಾಶ್ರಿತರ ಸಾಲುಗಳನ್ನು ಕಾಯುವ ಕೆಲಸ. 1953ರಲ್ಲಿ ಕೊರಿಯಾ. ಯುದ್ಧ ನಿಂತಿತ್ತು, ಸುಮಾರು 22,000 ಕೈದಿಗಳು ಊರಿಗೆ ಹೋಗಲ್ಲ ಅಂತ ಕೂತಿದ್ದರು. ಅವರನ್ನು ನೋಡಿಕೊಳ್ಳುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರು. ಹೋಗುತ್ತೀಯಾ, ಇಲ್ಲವಾ ಅಂತ ಕೇಳಿ ಬರೆದುಕೊಳ್ಳುವ ಕೆಲಸ. ಒಂಥರ ನನ್ನ ಅಂಗಡಿಯದೇ ಕೆಲಸ, ಬಂದೂಕು ಬೇರೆ ಸುತ್ತ. 88 ಜನ ಅತ್ತಲೂ ಬೇಡ ಇತ್ತಲೂ ಬೇಡ ಅಂದು ಭಾರತದ ಪಡೆಯ ಜೊತೆ ಇಲ್ಲಿಗೆ ಬಂದುಬಿಟ್ಟರು.

ಕೊನೆಗೆ ಸೈಪ್ರಸ್. ಮೆಡಿಟರೇನಿಯನ್‌ನಲ್ಲಿ ಒಂದು ಸಣ್ಣ ದ್ವೀಪ. ಗ್ರೀಕ್ ಮಾತಾಡುವವರು ಜಾಸ್ತಿ, ಟರ್ಕಿಷ್ ಮಾತಾಡುವವರು ನೂರಕ್ಕೆ ಹದಿನೆಂಟು. 1960ರಲ್ಲಿ ಸ್ವಾತಂತ್ರ್ಯ ಬಂದಾಗ ಸರ್ಕಾರಿ ಕೆಲಸಗಳನ್ನು ಎಪ್ಪತ್ತಕ್ಕೆ ಮೂವತ್ತರಂತೆ ಹಂಚಿದ್ದರು. 1963ರ ಡಿಸೆಂಬರ್‌ನಲ್ಲಿ ಎಲ್ಲ ಕಿತ್ತುಹೋಯಿತು. ಹೊಡೆದಾಟ, ಕೊಲೆ, ಊರು ಬಿಟ್ಟು ಓಟ. ರಾಜಧಾನಿ ನಿಕೋಸಿಯಾದಲ್ಲಿ ಇವರನ್ನು ಅವರಿಂದ ಬೇರೆ ಮಾಡಬೇಕಿತ್ತು. ಡಿಸೆಂಬರ್ 30ರಂದು ಪೀಟರ್ ಯಂಗ್ ಅನ್ನುವ ಬ್ರಿಟಿಷ್ ಮೇಜರ್ ಜನರಲ್ ನಕ್ಷೆ ಹರಡಿಕೊಂಡು ಹಸಿರು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದ. ಕೈಗೆ ಸಿಕ್ಕಿದ್ದು ಹಸಿರು, ಅಷ್ಟೇ. ಆ ಗೆರೆಗೆ ಇವತ್ತಿಗೂ ಗ್ರೀನ್ ಲೈನ್ ಅಂತಲೇ ಹೆಸರು.

ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ಬಂತು. ಮೊದಲ ಕಮಾಂಡರ್ ಭಾರತದ ಗ್ಯಾನಿ, ಎರಡನೆಯವರು ನಮ್ಮ ತಿಮ್ಮಯ್ಯ. 1964ರ ಜುಲೈನಲ್ಲಿ ಹೋದರು. ಅಷ್ಟು ಹೊತ್ತಿಗೆ ಸುಮಾರು 25,000 ಟರ್ಕಿಷ್ ಸೈಪ್ರಿಯಟರು ಮನೆ ಬಿಟ್ಟು ಒತ್ತೊತ್ತಾಗಿ ಬೇರೆ ಊರುಗಳಲ್ಲಿ ಸೇರಿಕೊಂಡಿದ್ದರು. ಒಂದೂವರೆ ವರ್ಷ ಆ ಗೆರೆ ಕಾದು, 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಸ್ಟಾಂಪ್ ತಂದಿತು. ಒಂಬತ್ತು ವರ್ಷಕ್ಕೆ, 1974ರಲ್ಲಿ, ಒಂದು ಕ್ಷಿಪ್ರಕ್ರಾಂತಿ, ಅದಾದ ಬೆನ್ನಿಗೇ ಟರ್ಕಿ ಸೇನೆ ಬಂದಿಳಿಯಿತು. ಪೆನ್ಸಿಲ್ ಗೆರೆ ಇಡೀ ದ್ವೀಪ ಸೀಳಿಕೊಂಡು ಹೋಯಿತು. ಶಾಂತಿಪಡೆ ಇವತ್ತಿಗೂ ಅಲ್ಲೇ ಇದೆ.

“ಹಾಗಾದ್ರೆ ತಿಮ್ಮಯ್ಯ ಅಜ್ಜ ಹೋಗಿ ಏನ್ ಉಪಯೋಗ ಆಯ್ತು ಪಪ್ಪಾ?” ಅಂದಳು ಮಗಳು. ಗೆರೆ ಕಾಯುವುದೂ ಒಂದು ಕೆಲಸ ಅಂದೆ. ಅವಳಿಗೆ ಒಪ್ಪಿಗೆ ಆಗಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತೆ ಅಲ್ವಾ.

ಆದರೆ ಗೆರೆ ಕಾಯುವವರೂ ಇಲ್ಲದಿದ್ದರೆ ಏನಾಗುತ್ತದೆ ಅಂತ ಆಫ್ರಿಕಾದ ರುವಾಂಡಾದಲ್ಲಿ ಕಂಡಿತು. 1994ರ ಏಪ್ರಿಲ್. ಅಲ್ಲಿ ಶಾಂತಿಪಡೆಯವರು ಸುಮಾರು 2,500 ಜನ ಇದ್ದರು. ಬೆಲ್ಜಿಯಂನ ಹತ್ತು ಸೈನಿಕರ ಕೊಲೆಯಾಯಿತು, ಬೆಲ್ಜಿಯಂ ತನ್ನವರನ್ನು ಕರೆಸಿಕೊಂಡಿತು. ಏಪ್ರಿಲ್ 21ಕ್ಕೆ ಭದ್ರತಾ ಮಂಡಳಿ ಉಳಿದವರನ್ನೂ 270ಕ್ಕೆ ಇಳಿಸಲು ತೀರ್ಮಾನ ಮಾಡಿತು. ಕೊಲೆ ಏರುತ್ತಿದ್ದ ವಾರದಲ್ಲಿ! ಸುಮಾರು ನೂರು ದಿನದಲ್ಲಿ ಸತ್ತವರು ಸುಮಾರು 8 ಲಕ್ಷ, ಹೆಚ್ಚಿನವರು ಅಲ್ಲಿನ ಅಲ್ಪಸಂಖ್ಯಾತರಾದ ಟುಟ್ಸಿಗಳು. ಆಗ ಅಮೆರಿಕ ಸರ್ಕಾರದ ವಕ್ತಾರರು ‘ನರಮೇಧ’ ಅನ್ನಲು ತಯಾರಿರಲಿಲ್ಲ. ‘ನರಮೇಧದ ಕೃತ್ಯಗಳು’ ಅನ್ನುತ್ತಿದ್ದರು. ಯಾಕೆಂದರೆ 1948ರ ಒಪ್ಪಂದದ ಪ್ರಕಾರ ನರಮೇಧ ಅಂತ ಒಪ್ಪಿಕೊಂಡರೆ ತಡೆಯಲು ಏನಾದರೂ ಮಾಡಬೇಕಾಗುತ್ತೆ. ಅರ್ಜಿ ತುಂಬುವವನಿಗೆ ಇದು ಚೆನ್ನಾಗಿ ಅರ್ಥ ಆಗುತ್ತದೆ. ಕೆಲವು ಕಾಲಂ ಖಾಲಿ ಬಿಡುವುದು ಮರೆತು ಅಲ್ಲ.

ನನ್ನದೇ ಒಂದು ಕಾಲಂ ಕಥೆ ಇದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ಗುಡ್ಡ ಕುಸಿದಾಗ ಅಪ್ಪನ ಎರಡೂವರೆ ಎಕರೆ ಕಾಫಿ ತೋಟ ಕೆಸರಾಗಿ ಹೊಳೆಗೆ ಹೋಯಿತು. ಅಪ್ಪ ಅಮ್ಮ ಹನ್ನೊಂದು ದಿನ ಪರಿಹಾರ ಕೇಂದ್ರದಲ್ಲಿದ್ದರು. ಶಾಲೆಯ ಕೋಣೆ, ನೆಲಕ್ಕೆ ಟಾರ್ಪಾಲ್, ಬೋರ್ಡಿನ ಮೇಲೆ ಇನ್ನೂ ಯಾರೋ ಮೇಷ್ಟ್ರು ಬರೆದ ಮಗ್ಗಿ. ಆಮೇಲೆ ಸರ್ವೆಗೆ ಬಂದವರು ನಮ್ಮ ಮನೆ ಮುಂದೆ ‘ಭಾಗಶಃ ಹಾನಿ’ ಅಂತ ಬರೆದರು. ಗೋಡೆ ನಿಂತಿತ್ತು, ಅದು ಸರಿ. ಅಪ್ಪ ಹೇಳಿದ್ದು ಒಂದೇ ಮಾತು. “ಗೋಡೆ ಇದೆ. ಅಂಗಳ ಎಲ್ಲಿದೆ ಅಂತ ಕೇಳು.” ಆ ‘ಭಾಗಶಃ’ ಅನ್ನುವ ಮೂರು ಅಕ್ಷರ ‘ಪೂರ್ಣ’ ಅನ್ನುವ ಎರಡಕ್ಷರ ಆಗಲು ನಾಲ್ಕು ತಿಂಗಳು ಓಡಾಡಿದೆ. ನನಗೆ ಅರ್ಜಿ ಬರೆಯಲು ಬರುತ್ತೆ, ಅಂಗಡಿ ಇದೆ, ಕನ್ನಡ ಬರುತ್ತೆ. ಆದರೂ ನಾಲ್ಕು ತಿಂಗಳು.

ಆ ದಿನಗಳಲ್ಲಿ ಅಮಾಲಾ ಅಂಗಡಿಗೆ ಬಂದು ಕೇಳಿದರು. “ಅಪ್ಪ ಎಷ್ಟು ದಿನ ಆಯ್ತು ಕ್ಯಾಂಪಲ್ಲಿ?”

“ಹನ್ನೊಂದು ದಿನ ಅಮಾಲಾ.”

“ನಮ್ದು ಅರವತ್ತು ವರ್ಷ ಆಗ್ತಾ ಬಂತು” ಅಂತ ಜೋರಾಗಿ ನಕ್ಕರು. ನನಗೂ ನಗು ಬಂತು. ಆ ತಿಂಗಳಲ್ಲಿ ನಾನು ನಕ್ಕಿದ್ದು ಅದೊಂದೇ ಸಲ ಇರಬೇಕು.

ಅದಕ್ಕೆ ಮುಂಚೆ ನಾನೂ ಮಾತಾಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ನಮ್ಮವರಿಗೇ ಜಾಗ ಇಲ್ಲ, ಇವರಿಗೆ 3000 ಎಕರೆ ಯಾಕೆ ಅಂತ. ಈಗಲೂ ಆ ಮಾತು ಬಸ್‌ಸ್ಟ್ಯಾಂಡಿನ ಹೋಟೆಲಲ್ಲಿ ಕೇಳುತ್ತೆ. ಈಗ ನಾನು ಟೀ ಕುಡಿದು ಎದ್ದು ಬರುತ್ತೇನೆ.

ಕಾಫಿ ಕುಯ್ಲಿನ ಸಮಯ ಬಂದರೆ ಅಂಗಡಿಗೆ ಬೇರೆ ಗಿರಾಕಿ. ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬರು ಜೀಪಿನಲ್ಲಿ ಹತ್ತು ಹನ್ನೆರಡು ಜನ ಅಸ್ಸಾಂನವರನ್ನು ಕರೆತಂದು ಎಲ್ಲರ ಆಧಾರ್ ಜೆರಾಕ್ಸ್ ಮಾಡಿಸುತ್ತಾರೆ. ಪೊಲೀಸರಿಗೆ ಕೊಡಬೇಕು. ಲೈನ್ ಮನೆಯಲ್ಲಿ ಯಾರಿದ್ದಾರೆ ಅಂತ ಲೆಕ್ಕ. ಸಾಲಲ್ಲಿ ನಿಂತವರನ್ನು ನೋಡಿ ಪಕ್ಕದವರು ಪಿಸುಗುಡುತ್ತಾರೆ. “ಬಾಂಗ್ಲಾದವರಾ? ರೋಹಿಂಗ್ಯಾನಾ?” ಆ ಹೆಸರು ಈಗ ಬೈಗುಳದ ಹಾಗೆ ಆಗಿಬಿಟ್ಟಿದೆ.

ಹೆಸರಿನ ಹಿಂದೆ ಏನಾಯಿತು ಅಂತ ಹೇಳಿಬಿಡುತ್ತೇನೆ. ಬರ್ಮಾದಲ್ಲಿ, ಅಂದರೆ ಈಗಿನ ಮ್ಯಾನ್ಮಾರ್‌ನಲ್ಲಿ, 1982ರಲ್ಲಿ ಪೌರತ್ವ ಕಾನೂನು ಬಂತು. ಅದು ಒಪ್ಪಿಕೊಂಡ ಜನಾಂಗಗಳ ಪಟ್ಟಿಯಲ್ಲಿ ಅಲ್ಲಿನ ಮುಸ್ಲಿಂ ಅಲ್ಪಸಂಖ್ಯಾತರಾದ ರೋಹಿಂಗ್ಯಾ ಇಲ್ಲ. ಸಿಲೋನ್ 1948ರಲ್ಲಿ ಮಾಡಿದ್ದೂ ಇದೇ ಅಲ್ವಾ, ಮೊದಲು ಕಾಗದದಿಂದ ತೆಗೆಯುವುದು. 2017ರ ಆಗಸ್ಟ್ 25ರಂದು ಉಗ್ರರು ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿದರು. ಅದಾದ ಮೇಲೆ ಸೇನೆ ಊರೂರಿಗೆ ಬೆಂಕಿ ಹಚ್ಚಿತು. ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಜಾಸ್ತಿ ಜನ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ಗೆ ಓಡಿದರು. ಸೆಪ್ಟೆಂಬರ್ 14ರಂದು ಭಾರತದ ವಿಮಾನ ಅಲ್ಲಿಗೆ ಅಕ್ಕಿ, ಬೇಳೆ, ಎಣ್ಣೆ, ಸೊಳ್ಳೆಪರದೆ ಹೊತ್ತುಕೊಂಡು ಹೋಯಿತು. ಆಪರೇಷನ್ ಇನ್ಸಾನಿಯತ್ ಅಂತ ಹೆಸರು. ಇನ್ಸಾನಿಯತ್ ಅಂದರೆ ಮಾನವೀಯತೆ. ನಾಲ್ಕು ದಿನ ಬಿಟ್ಟು ಸೆಪ್ಟೆಂಬರ್ 18ರಂದು ಅದೇ ಸರ್ಕಾರ ಸುಪ್ರೀಂ ಕೋರ್ಟಿಗೆ ಅಫಿಡವಿಟ್ ಕೊಟ್ಟಿತು. ಇಲ್ಲಿರುವ ರೋಹಿಂಗ್ಯಾಗಳು ಅಕ್ರಮ ವಲಸಿಗರು, ದೇಶದ ಭದ್ರತೆಗೆ ಅಪಾಯ ಅಂತ. ಗಡಿ ಆಚೆ ಇದ್ದರೆ ಇನ್ಸಾನಿಯತ್, ಈಚೆ ಬಂದರೆ ಅಕ್ರಮ. ಭದ್ರತೆಯ ಚಿಂತೆ ಸುಳ್ಳು ಅಂತ ನಾನು ಹೇಳುವುದಿಲ್ಲ. ನಾಲ್ಕು ದಿನದ ಅಂತರ ಮಾತ್ರ ನನಗೆ ನುಂಗಲು ಕಷ್ಟ.

ಹೋದ ಜನವರಿಯಲ್ಲಿ ಅಸ್ಸಾಂನ ಒಬ್ಬ ಹುಡುಗ ಆಧಾರ್ ಜೊತೆ ಇನ್ನೊಂದು ಕಾಗದವನ್ನೂ ಕೊಟ್ಟ. ನಾಲ್ಕು ಮಡಿಕೆ, ಮಡಿಕೆಯಲ್ಲೆಲ್ಲ ಹರಿದಿದೆ. ಎನ್‌ಆರ್‌ಸಿಯದ್ದು, ಅಂದರೆ ಅಸ್ಸಾಂನ ಪೌರತ್ವ ಪಟ್ಟಿಯದ್ದು. ಅವನ ಅಜ್ಜನ ಹೆಸರು ಹಳೇ ದಾಖಲೆಯಲ್ಲಿದೆ ಅಂತ ತೋರಿಸುವ ಲೆಗಸಿ ಡೇಟಾ. ಇದು ಇಲ್ಲಿ ಯಾರಿಗೂ ಬೇಡಪ್ಪಾ ಅಂದೆ, ನನ್ನ ಹರಕು ಹಿಂದಿಯಲ್ಲಿ. ಅವನು ತಲೆ ಅಲ್ಲಾಡಿಸಿ ಲ್ಯಾಮಿನೇಷನ್ ಮೆಷಿನ್ ಕಡೆ ಕೈ ತೋರಿಸಿದ. 2019ರಲ್ಲಿ ಅಸ್ಸಾಂನ ಪಟ್ಟಿಯಿಂದ 19 ಲಕ್ಷ ಜನ ಹೊರಗೆ ಉಳಿದಿದ್ದರಲ್ಲ, ಇವನ ಹೆಸರು ಒಳಗಿತ್ತು. ಆದರೂ ಕಾಫಿ ಕುಯ್ಯಲು ಮೂರು ಸಾವಿರ ಕಿಲೋಮೀಟರ್ ಅದನ್ನು ಜೇಬಲ್ಲಿಟ್ಟುಕೊಂಡು ಬಂದಿದ್ದ. ಹರಿದ ಕಡೆ ಒಳಗಿನಿಂದ ಸೆಲ್ಲೋಟೇಪ್ ಹಾಕಿ, ನಿಧಾನಕ್ಕೆ ರೋಲರ್‌ಗೆ ಬಿಟ್ಟೆ. ಬಿಸಿ ಬಿಸಿ ಶೀಟ್ ಹೊರಗೆ ಬಂದಾಗ ಅವನು ಅಂಗಿಯ ಒಳಗೆ ಎದೆಗೇ ಇಟ್ಟುಕೊಂಡ. ರೈಟರ್‌ಗೆ ಅರ್ಜೆಂಟು, ಹಾರ್ನ್ ಹೊಡೆಯುತ್ತಿದ್ದರು. ದುಡ್ಡು ತೆಗೆದುಕೊಳ್ಳುವುದು ಮರೆತೇ ಹೋಯಿತು.

ಅಮಾಲಾ ಮಗನ ವಿಷಯ ಹೇಳಿ ನಿಲ್ಲಿಸುತ್ತೇನೆ. ಅವನು 1984ರಲ್ಲಿ ಇಲ್ಲೇ ಹುಟ್ಟಿದವನು. ನಮ್ಮ ಪೌರತ್ವ ಕಾಯ್ದೆ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಭಾರತೀಯರು, ಅಪ್ಪ ಅಮ್ಮ ಯಾರೇ ಆಗಿರಲಿ. ಟಿಬೆಟಿನವರಿಗೂ ಇದು ಅನ್ವಯ ಅಂತ 2013ರಲ್ಲಿ ನಮ್ಮ ಹೈಕೋರ್ಟೇ ಹೇಳಿತು. 2016ರಲ್ಲಿ ದೆಹಲಿ ಹೈಕೋರ್ಟ್ ಪಾಸ್‌ಪೋರ್ಟ್ ಕೊಡಿ ಅಂತು. 2017ರಲ್ಲಿ ಸರ್ಕಾರ ಸರಿ ಅಂದು, ಹಿಂದೆಯೇ ನಾಲ್ಕು ಷರತ್ತು ಹಾಕಿತು. ಆರ್‌ಸಿ, ಐಸಿ ರದ್ದು ಮಾಡಿಸಬೇಕು. ಟಿಬೆಟನ್ ಕ್ಯಾಂಪಿನಲ್ಲಿ ವಾಸ ಇರಬಾರದು. ಧರ್ಮಶಾಲೆಯ ಅವರ ಆಡಳಿತದ ಸೌಲಭ್ಯ ಬೇಡ ಅನ್ನಬೇಕು. ಆರ್‌ಸಿಯಿಂದ ಸಿಗುತ್ತಿದ್ದ ಸಬ್ಸಿಡಿಯೂ ಬೇಡ ಅನ್ನಬೇಕು.

ಆ ವರ್ಷ ಅವನು ಒಂದು ಸಂಜೆ ಬಂದು ಪಾಸ್‌ಪೋರ್ಟ್ ಅರ್ಜಿ ತುಂಬಿಸಿದ. ಹೆಸರು, ಅಪ್ಪನ ಹೆಸರು, ಹುಟ್ಟಿದ ಊರು ಬೈಲಕುಪ್ಪೆ. ಭಾರತದ ಪೌರತ್ವ ಹೇಗೆ ಬಂತು ಅನ್ನುವ ಕಾಲಂನಲ್ಲಿ ‘ಹುಟ್ಟಿನಿಂದ’ ಅಂತ ಆರಿಸಿ ಅವನ ಮುಖ ನೋಡಿದೆ. ಅವನು ಸ್ಕ್ರೀನ್ ನೋಡುತ್ತಿದ್ದ. ಮುಂದಿನದು ಈಗಿನ ವಿಳಾಸ.

“ಇಲ್ಲಿ ಏನಂತ ಬರೀಲಿ?” ಅಂದೆ.

ನಾಲ್ಕನೇ ಕ್ಯಾಂಪ್ ಅಂತ ಬರೆಯುವ ಹಾಗಿಲ್ಲ. ಅಮ್ಮ ಇರುವ ಮನೆ ಅದು. ಸ್ವಲ್ಪ ಹೊತ್ತು ಬೈಕಿನ ಕೀ ತಿರುಗಿಸುತ್ತಾ ಕೂತಿದ್ದು, “ಸೇವ್ ಮಾಡಿಡಿ ಅಣ್ಣ, ಆಮೇಲೆ ಬರ್ತೀನಿ” ಅಂದ.

ಆಮೇಲೆ ಪ್ರವಾಹ ಬಂತು, ಕೊರೊನಾ ಬಂತು. ನನ್ನ ಕಂಪ್ಯೂಟರ್ ಎರಡು ಸಲ ಬದಲಾಯಿತು. ಅವನ ಫೈಲು ಪೆನ್‌ಡ್ರೈವ್‌ನಲ್ಲಿ ಒಂದರಿಂದ ಇನ್ನೊಂದಕ್ಕೆ ಬಂತು. ಹೋದ ಸೋಮವಾರ ಅಮ್ಮನ ಆರ್‌ಸಿಗೆ ಹೊಸ ಫೋಟೋ ಹಾಕಿಸಲು ಬಂದಿದ್ದ. ಅವನಿಗೂ ಕಿವಿ ಹತ್ತಿರ ಕೂದಲು ಬೆಳ್ಳಗಾಗಿದೆ. ಫೋಟೋ ಕತ್ತರಿಸುತ್ತಾ ಕೇಳಿದೆ, ಆ ಹಳೇ ಫೈಲ್ ತೆಗೆದುಬಿಡಲಾ ಅಂತ.

“ಇರ್ಲಿ ಅಣ್ಣ” ಅಂದ. “ಡಿಲೀಟ್ ಮಾಡ್ಬೇಡಿ.”